ಫೋಟೊಗಳೊಳಗಿನ ದಾರಿಯನ್ನು ನಕ್ಷೆಗೆ ತರುವುದು ಹೇಗೆ?

ಮೊಬೈಲ್‌ನಲ್ಲಿ ತೆಗೆದ ಫೋಟೊದ ಕಡತದೊಳಗೆ ಚಿತ್ರದ ಜೊತೆಗೆ ಎಕ್ಸಿಫ್ ಎಂಬ ಮಾಹಿತಿಯ ಭಾಗವೂ ಇರುತ್ತದೆ. ತೆಗೆದ ದಿನಾಂಕ, ಸಮಯ, ಕ್ಯಾಮೆರಾದ ಹೆಸರು ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಲೊಕೇಶನ್‌ಗೆ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಎಷ್ಟೋ ಸಲ ಕ್ಯಾಮೆರಾ ಮುಖಮಾಡಿದ್ದ ದಿಕ್ಕು ಕೂಡ ಸೇರಿಕೊಳ್ಳುತ್ತವೆ. ಪ್ರವಾಸ ಮುಗಿದ ಮೇಲೆ ಈ ಬಿಂದುಗಳನ್ನು ಕಾಲಕ್ರಮದಲ್ಲಿ ಪೋಣಿಸಿದರೆ ಹೋಗಿ ಬಂದ ದಾರಿ ನಕ್ಷೆಯ ಮೇಲೆ ಮೂಡುತ್ತದೆ. ಅದಕ್ಕೆ ಬೇಕಾದ ಸಾಧನಗಳಲ್ಲಿ ಹೆಚ್ಚಿನವು ಉಚಿತ.

ಕೆಲಸಕ್ಕೆ ಇಳಿಯುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಫೋಟೊ ಹೇಳುವುದು ನೀವು ನಿಂತಿದ್ದ ಜಾಗವನ್ನು ಮಾತ್ರ. ಎರಡು ಫೋಟೊಗಳ ನಡುವೆ ಎಳೆಯುವ ಗೆರೆ ಯಾವಾಗಲೂ ನಮ್ಮ ಊಹೆ. ಊಹೆ ಎಲ್ಲಿದೆ, ದಾಖಲೆ ಎಲ್ಲಿದೆ ಎಂದು ನೋಡಿದ ಕೂಡಲೇ ತಿಳಿಯುವಂತೆ ಇರುವುದೇ ಒಳ್ಳೆಯ ಪ್ರವಾಸ ನಕ್ಷೆ ಎಂದು ನಾನು ಭಾವಿಸುತ್ತೇನೆ. ಮುಂದೆ ಹೇಳುವ ಹಂತಗಳೆಲ್ಲ ಈ ಎಣಿಕೆಯ ಮೇಲೆಯೇ ನಿಂತಿವೆ.

ಹಂತ 1: ಮೂಲ ಕಡತಗಳನ್ನೇ ಹುಡುಕಿ ತೆಗೆಯಿರಿ

ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಬಂದ ಚಿತ್ರದಲ್ಲಿ ಸ್ಥಳದ ಮಾಹಿತಿ ಉಳಿದಿರುವುದಿಲ್ಲ. ಸಾಮಾಜಿಕ ಜಾಲತಾಣಗಳಿಂದ ಮರಳಿ ಇಳಿಸಿಕೊಂಡ ಚಿತ್ರಗಳದ್ದೂ ಸಾಮಾನ್ಯವಾಗಿ ಇದೇ ಕಥೆ. ಸಹಪ್ರಯಾಣಿಕರಿಂದ ಫೋಟೊ ಕೇಳುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ, ಇಲ್ಲವೇ ಕೇಬಲ್ ಮೂಲಕ ನೇರವಾಗಿ ನಕಲು ಮಾಡಿಕೊಳ್ಳಿ. ಐಫೋನ್‌ನಲ್ಲಿ ಹಂಚಿಕೊಳ್ಳುವಾಗ ಮೇಲ್ಭಾಗದಲ್ಲಿ ಕಾಣುವ ಆಯ್ಕೆಗಳಲ್ಲಿ ಲೊಕೇಶನ್ ಸೇರಿಸುವ ಗುರುತು ಆನ್ ಆಗಿದೆಯೇ ಎಂದು ನೋಡಬೇಕು. ಆಂಡ್ರಾಯ್ಡ್ 10ರಿಂದ ಈಚೆಗೆ ಫೋಟೊದೊಳಗಿನ ಸ್ಥಳವನ್ನು ಓದಲು ಆ್ಯಪ್‌ಗಳಿಗೆ ಪ್ರತ್ಯೇಕ ಅನುಮತಿ ಬೇಕು. ಆದ್ದರಿಂದ ಮೊಬೈಲ್‌ನ ಯಾವುದೋ ಆ್ಯಪ್ ‘ಸ್ಥಳವೇ ಇಲ್ಲ’ ಎಂದರೆ ಕಡತದಲ್ಲಿ ಇಲ್ಲವೆಂದೇ ಅರ್ಥವಲ್ಲ. ಆ ಆ್ಯಪ್‌ಗೆ ಅದನ್ನು ನೋಡುವ ಅನುಮತಿ ಸಿಕ್ಕಿರದೆಯೂ ಇರಬಹುದು.

ಗೂಗಲ್ ಫೋಟೋಸ್‌ನಲ್ಲಿ ಸಂಗ್ರಹ ಇಟ್ಟವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಕಾಣುವ ಕೆಲವು ಸ್ಥಳಗಳು ಕಡತದಿಂದ ಬಂದವಲ್ಲ, ಆ ಸೇವೆಯೇ ಅಂದಾಜಿಸಿದ್ದು ಅಥವಾ ನೀವು ಕೈಯಾರೆ ಸೇರಿಸಿದ್ದು. ನಮ್ಮ ಸಂಗ್ರಹವನ್ನು ಇಳಿಸಿಕೊಳ್ಳಲು ಗೂಗಲ್ ಕೊಡುವ ಟೇಕ್‌ಔಟ್ ಸೇವೆಯ ಮೂಲಕ ಎಲ್ಲವನ್ನೂ ಇಳಿಸಿಕೊಂಡರೆ ಪ್ರತಿ ಫೋಟೊದ ಪಕ್ಕದಲ್ಲಿ, ಮಾಹಿತಿಯನ್ನು ಪಠ್ಯವಾಗಿ ಇಡುವ ಒಂದು ಜೆಸನ್ ಕಡತ ಬರುತ್ತದೆ. ಹಾಗೆ ಕೈಯಾರೆ ಸೇರಿಸಿದ ಸ್ಥಳ ಬೇಕಿದ್ದರೆ ಆ ಕಡತವನ್ನು ನೋಡಬೇಕು, ಚಿತ್ರವನ್ನಲ್ಲ.

ಸಿಕ್ಕ ಫೋಟೊಗಳನ್ನೆಲ್ಲ ಒಂದೇ ಫೋಲ್ಡರ್‌ಗೆ ನಕಲು ಮಾಡಿ, ಆ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಮೂಲ ಕಡತಗಳ ಮೇಲೆ ಬರೆಯುವ ಸಾಧನವನ್ನು ಓಡಿಸುವುದು ಬೇಡ.

ಹಂತ 2: ಒಳಗಿರುವುದನ್ನು ಪಟ್ಟಿಯಾಗಿ ತೆಗೆಯಿರಿ

ಇದಕ್ಕೆ ನಾನು ಎಲ್ಲಕ್ಕಿಂತ ಮೊದಲು ಸೂಚಿಸುವುದು ಎಕ್ಸಿಫ್‌ಟೂಲ್. ಫಿಲ್ ಹಾರ್ವೆ ಅವರು 2003ರಿಂದ ಬೆಳೆಸಿಕೊಂಡು ಬಂದಿರುವ ಈ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಜೆಪೆಗ್ ಇರಲಿ, ಐಫೋನ್‌ನ ಹೀಕ್ ಇರಲಿ, ಡ್ರೋನ್‌ನ ಚಿತ್ರವಿರಲಿ, ಅದು ಓದದ ಕಡತ ಅಪರೂಪ. ಆಜ್ಞೆ ಬರೆದು ನಡೆಸಬೇಕಾದ ತಂತ್ರಾಂಶವೆಂದು ಹೆದರಬೇಕಿಲ್ಲ; ಒಂದೇ ಸಾಲಿನ ಆಜ್ಞೆಯಲ್ಲಿ ಇಡೀ ಫೋಲ್ಡರ್‌ನ ಪಟ್ಟಿಯನ್ನು ಎಕ್ಸೆಲ್‌ನಂಥ ತಂತ್ರಾಂಶದಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಕೊಡುತ್ತದೆ. ಕೇಳಬೇಕಾದ ಕಾಲಂಗಳು ಇವು: ಕಡತದ ಹೆಸರು, ತೆಗೆದ ಸಮಯ, ಸಮಯ ವಲಯದ ವ್ಯತ್ಯಾಸ, ಜಿಪಿಎಸ್ ದಿನಾಂಕ ಮತ್ತು ಸಮಯ, ಅಕ್ಷಾಂಶ, ರೇಖಾಂಶ, ಎತ್ತರ, ಸಾಧ್ಯವಿದ್ದರೆ ನಿಖರತೆಯ ಅಂದಾಜು.

ಆಜ್ಞೆಯಲ್ಲಿ ‘ಎನ್’ (-n) ಎಂಬ ಆಯ್ಕೆಯನ್ನು ಸೇರಿಸಲು ಮರೆಯಬೇಡಿ. ಎಕ್ಸಿಫ್‌ನಲ್ಲಿ ಸ್ಥಳ ದಾಖಲಾಗುವುದು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ. ಉತ್ತರವೋ ದಕ್ಷಿಣವೋ, ಪೂರ್ವವೋ ಪಶ್ಚಿಮವೋ ಎಂಬುದು ಬೇರೆಯೇ ಒಂದು ಅಂಕಣದಲ್ಲಿರುತ್ತದೆ. ‘ಎನ್’ ಕೊಟ್ಟರೆ ಎಲ್ಲವೂ ನಕ್ಷೆ ತಂತ್ರಾಂಶಗಳು ಬಯಸುವ ದಶಮಾಂಶ ರೂಪದಲ್ಲಿ, ದಕ್ಷಿಣಕ್ಕೂ ಪಶ್ಚಿಮಕ್ಕೂ ಋಣ ಚಿಹ್ನೆಯೊಡನೆ ಬರುತ್ತವೆ. ದಶಮಾಂಶದ ನಂತರ ಐದು ಅಂಕೆ ಸಾಕು: ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ಹಾಗಾಗಿ ಐದನೆಯ ಅಂಕೆ ಸುಮಾರು ಒಂದು ಮೀಟರ್‌ಗೆ ಸಮ. ತೆರೆದ ಆಕಾಶದಡಿಯಲ್ಲೂ ಮೊಬೈಲ್‌ನ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರ್ ಆಸುಪಾಸಿನ ನಿಖರತೆಯನ್ನಷ್ಟೇ ಕೊಡುತ್ತದೆ. ಕಟ್ಟಡಗಳ ನಡುವೆ, ಕಣಿವೆಗಳಲ್ಲಿ ತಪ್ಪು ಇನ್ನೂ ಹೆಚ್ಚು.

ಹಂತ 3: ಗಡಿಯಾರವನ್ನು ಸರಿಪಡಿಸಿ

ದಾರಿ ಕೆಡುವುದು ಬಹುಪಾಲು ಇಲ್ಲಿಯೇ. ಈ ಹಂತಕ್ಕೆ ಸಾಕಷ್ಟು ಸಮಯ ಕೊಡಿ.

ಎಕ್ಸಿಫ್‌ನಲ್ಲಿ ‘ತೆಗೆದ ಸಮಯ’ ಎಂದು ದಾಖಲಾಗುವುದು ಸ್ಥಳೀಯ ಸಮಯ. ಯಾವ ವಲಯದ ಸಮಯ ಎಂದು ಹೇಳುವ ವ್ಯವಸ್ಥೆಯೇ ಈ ಮಾನದಂಡದಲ್ಲಿ ಬಹುಕಾಲ ಇರಲಿಲ್ಲ, 2016ರ 2.31ನೇ ಆವೃತ್ತಿಯಲ್ಲಿ ಅದಕ್ಕಾಗಿ ಹೊಸ ಅಂಕಣಗಳು ಸೇರಿದವು. ಹಳೆಯ ಕ್ಯಾಮೆರಾಗಳ ಚಿತ್ರಗಳಲ್ಲಿ ಅವು ಇರುವುದಿಲ್ಲ. ಜಿಪಿಎಸ್ ಸಮಯವಾದರೋ ಯಾವಾಗಲೂ ಜಾಗತಿಕ ಸಮಯ, ಅಂದರೆ ಯುಟಿಸಿ.

ಒಂದೇ ವಲಯದೊಳಗೆ ಸುತ್ತಾಡಿದ್ದರೆ ಇದರಿಂದ ತೊಂದರೆಯಿಲ್ಲ. ವಲಯ ದಾಟಿದರೆ ಏನಾಗುತ್ತದೆ ನೋಡಿ. ಸಂಜೆ 4ಕ್ಕೆ ಲಂಡನ್ನಿನಿಂದ ಹೊರಟ ವಿಮಾನ ಎಂಟು ಗಂಟೆ ಹಾರಿ ನ್ಯೂಯಾರ್ಕ್ ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ ಸಂಜೆ 7 ಆಗಿರುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲಿದ್ದ ಮೊಬೈಲ್ ಇನ್ನೂ ಲಂಡನ್ ಸಮಯದಲ್ಲೇ ಇದ್ದಾಗ ಸಾಗರದ ಮೇಲೆ ತೆಗೆದ ಫೋಟೊದಲ್ಲಿ ರಾತ್ರಿ 10 ಎಂದಿರುತ್ತದೆ. ಇಳಿದ ಮೇಲೆ ತೆಗೆದದ್ದರಲ್ಲಿ 7.30. ಸ್ಥಳೀಯ ಸಮಯದ ಮೇಲೆ ಪಟ್ಟಿಯನ್ನು ಜೋಡಿಸಿದರೆ ನಿಮ್ಮ ಗೆರೆ ನ್ಯೂಯಾರ್ಕ್ ಮುಟ್ಟಿ, ಮತ್ತೆ ಅಟ್ಲಾಂಟಿಕ್ ನಡುವಿಗೆ ಹಿಂದಿರುಗಿ, ಇನ್ನೊಮ್ಮೆ ನ್ಯೂಯಾರ್ಕಿಗೆ ಹೋಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಹೊಸದೊಂದು ಕಾಲಂ ಮಾಡಿ, ಎಲ್ಲ ಸಮಯಗಳನ್ನೂ ಯುಟಿಸಿಗೆ ತನ್ನಿ. ವಲಯದ ವ್ಯತ್ಯಾಸ ದಾಖಲಾಗಿದ್ದರೆ ಸ್ಥಳೀಯ ಸಮಯದಿಂದ ಅದನ್ನು ಕಳೆಯಿರಿ. ಇಲ್ಲದಿದ್ದರೆ ಜಿಪಿಎಸ್ ಸಮಯವನ್ನೇ ತೆಗೆದುಕೊಳ್ಳಿ. ಜೋಡಣೆ ನಡೆಯಬೇಕಾದದ್ದು ಆ ಕಾಲಂನ ಮೇಲೆ ಮಾತ್ರ.

ಎರಡು ಸಮಯಗಳೂ ಇದ್ದರೆ ಇನ್ನೊಂದು ಒಳ್ಳೆಯ ಪರೀಕ್ಷೆ ಸಾಧ್ಯ. ಹಲವು ಮೊಬೈಲ್‌ಗಳಲ್ಲಿ ಜಿಪಿಎಸ್ ಸಮಯ ಎಂದರೆ ಉಪಗ್ರಹಗಳಿಂದ ಸ್ಥಾನ ಸಿಕ್ಕ ಕ್ಷಣ, ಫೋಟೊ ತೆಗೆದ ಕ್ಷಣವಲ್ಲ. ಎರಡರ ನಡುವೆ ಹತ್ತು ನಿಮಿಷ ಅಂತರವಿದ್ದರೆ ಆ ಫೋಟೊದಲ್ಲಿರುವುದು ಹತ್ತು ನಿಮಿಷ ಹಳೆಯ ಸ್ಥಾನ ಎಂದು ತಿಳಿಯಬೇಕು. ನಡಿಗೆಯಲ್ಲಿ ಅದು ಅಲ್ಪ ದೋಷ, ರೈಲಿನಲ್ಲಿ ಗಣನೀಯ, ವಿಮಾನದಲ್ಲಿ ಭಾರೀ.

ಜಿಪಿಎಸ್ ಇಲ್ಲದ ಕ್ಯಾಮೆರಾ ಜೊತೆಗಿದ್ದರೆ

ದೊಡ್ಡ ಕ್ಯಾಮೆರಾದ ಫೋಟೊಗಳನ್ನು ಬಿಟ್ಟುಬಿಡಬೇಕಿಲ್ಲ. ಪ್ರವಾಸದುದ್ದಕ್ಕೂ ಮೊಬೈಲ್‌ನಲ್ಲಿ ಓಸ್ಮ್ಆ್ಯಂಡ್‌ನಂಥ ಆ್ಯಪ್‌ನಿಂದ ಜಿಪಿಎಕ್ಸ್ ಟ್ರ್ಯಾಕ್, ಅಂದರೆ ಸಾಗಿದ ದಾರಿಯ ಬಿಂದುಗಳನ್ನು ಸಮಯದೊಡನೆ ಬರೆದಿಡುವ ಕಡತ, ದಾಖಲಿಸಿಕೊಳ್ಳಿ. ಪ್ರತಿ ದಿನ ಒಮ್ಮೆ, ಮೊಬೈಲ್ ಪರದೆಯಲ್ಲಿ ಸೆಕೆಂಡು ಸಹಿತ ಗಡಿಯಾರ ತೋರಿಸಿ ಅದರ ಫೋಟೊವನ್ನು ಕ್ಯಾಮೆರಾದಲ್ಲಿ ತೆಗೆದಿಡಿ. ಕ್ಯಾಮೆರಾ ಗಡಿಯಾರ ಎಷ್ಟು ಹಿಂದಿದೆ ಅಥವಾ ಮುಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ ಎಕ್ಸಿಫ್‌ಟೂಲ್‌ನ ‘ಜಿಯೋಟ್ಯಾಗ್’ ಆಯ್ಕೆಗೆ ಟ್ರ್ಯಾಕ್ ಕಡತವನ್ನೂ, ‘ಜಿಯೋಸಿಂಕ್’ ಆಯ್ಕೆಗೆ ಆ ವ್ಯತ್ಯಾಸವನ್ನೂ ಕೊಟ್ಟರೆ ಪ್ರತಿ ಚಿತ್ರಕ್ಕೂ ಸರಿಯಾದ ಸ್ಥಾನ ಸೇರುತ್ತದೆ. ಕಿಟಕಿ, ಗುಂಡಿಗಳ ಮೂಲಕ ಇದೇ ಕೆಲಸ ಮಾಡಲು ಇಷ್ಟಪಡುವವರಿಗೆ ಡಿಜಿಕ್ಯಾಮ್ ಇದೆ. ಹಾಗೆ ಟ್ರ್ಯಾಕ್ ಇದ್ದವರಿಗೆ ಗೆರೆಯ ಊಹೆ ಬಹುಮಟ್ಟಿಗೆ ತಪ್ಪುತ್ತದೆ. ದಾರಿ ಟ್ರ್ಯಾಕ್‌ನಿಂದ ಬರಲಿ, ನಿಲುಗಡೆಗಳು ಫೋಟೊಗಳಿಂದ ಬರಲಿ.

ಹಂತ 4: ಕಳೆ ಕೀಳಿ

ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ ಸಾಲುಗಳನ್ನು. ಸ್ಥಳ ಸಿಗದ ಫೋಟೊಗಳಿಗೆ ಕೆಲವು ತಂತ್ರಾಂಶಗಳು ಸೊನ್ನೆ ತುಂಬಿಬಿಡುತ್ತವೆ. ನಕ್ಷೆಯಲ್ಲಿ ಅದು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನ ಮೇಲೆ ಬೀಳುತ್ತದೆ. ನಕ್ಷೆ ಮಾಡುವವರು ಈ ಇಲ್ಲದ ದ್ವೀಪಕ್ಕೆ ‘ನಲ್ ಐಲ್ಯಾಂಡ್’ ಎಂದು ಹೆಸರನ್ನೇ ಇಟ್ಟಿದ್ದಾರೆ. ಆ ಸಾಲುಗಳನ್ನು ತೆಗೆದುಹಾಕಿ.

ಅನಂತರ ವೇಗದ ಪರೀಕ್ಷೆ. ಅಕ್ಕಪಕ್ಕದ ಎರಡು ಬಿಂದುಗಳ ದೂರವನ್ನು, ಗೋಳದ ಮೇಲಿನ ದೂರ ಅಳೆಯುವ ಹ್ಯಾವರ್‌ಸೈನ್ ಸೂತ್ರದಿಂದ ಲೆಕ್ಕಹಾಕಿ, ನಡುವಿನ ಸಮಯದಿಂದ ಭಾಗಿಸಿ. ಭೂಮಿಯ ತ್ರಿಜ್ಯವನ್ನು 6371 ಕಿಲೋಮೀಟರ್ ಎಂದು ಹಿಡಿದರೆ ಈ ಕೆಲಸಕ್ಕೆ ಸಾಕಾಗುವಷ್ಟು ನಿಖರ. ಕಾಲ್ನಡಿಗೆಯ ದಿನದಲ್ಲಿ ಗಂಟೆಗೆ 300 ಕಿಲೋಮೀಟರ್ ಎಂದು ಬಂದರೆ ಎರಡರಲ್ಲಿ ಒಂದು ಬಿಂದು ತಪ್ಪು. ಯಾವುದು ತಪ್ಪೆಂದು ಚಿತ್ರವನ್ನೇ ತೆರೆದು ನೋಡಿ ತೀರ್ಮಾನಿಸಿ, ತಂತ್ರಾಂಶಕ್ಕೆ ಬಿಡಬೇಡಿ.

ಒಂದೇ ಜಾಗದಲ್ಲಿ ನಿಂತು ಹತ್ತಾರು ಫೋಟೊ ತೆಗೆದಾಗ ಜಿಪಿಎಸ್ ಆಚೀಚೆ ಅಲುಗಾಡುವುದರಿಂದ ಅಲ್ಲೊಂದು ಗೆರೆಗಳ ಸಿಕ್ಕು ಬೀಳುತ್ತದೆ. ಜಿಪಿಎಸ್‌ಬೇಬಲ್ ಎಂಬ ಉಚಿತ ಸಾಧನದ ‘ಪೊಸಿಷನ್’ ಫಿಲ್ಟರ್‌ಗೆ ಐವತ್ತು ಮೀಟರ್‌ನಂತೆ ಒಂದು ದೂರ ಕೊಟ್ಟರೆ ಅಷ್ಟರೊಳಗಿನ ಬಿಂದುಗಳಲ್ಲಿ ಒಂದನ್ನು ಉಳಿಸಿ ಉಳಿದವನ್ನು ತೆಗೆಯುತ್ತದೆ.

ಇನ್ನೊಂದು ಸೂಕ್ಷ್ಮ. ಫೋಟೊದಲ್ಲಿರುವ ಸ್ಥಾನ ಕ್ಯಾಮೆರಾದ್ದು, ಚಿತ್ರದಲ್ಲಿ ಕಾಣುವ ಬೆಟ್ಟದ್ದಲ್ಲ. ಶಿಖರದ ಫೋಟೊ ಹತ್ತು ಕಿಲೋಮೀಟರ್ ಆಚೆಯ ರಸ್ತೆಯಲ್ಲಿ ಕಂಡರೆ ಅದನ್ನು ಶಿಖರಕ್ಕೆ ಎಳೆದುಕೊಂಡು ಹೋಗಬೇಡಿ. ದಾರಿಯ ನಕ್ಷೆಗೆ ಬೇಕಿರುವುದು ನೀವು ನಿಂತ ಜಾಗವೇ.

ಹಂತ 5: ನಕ್ಷೆಯ ಕಡತ ಸಿದ್ಧಪಡಿಸಿ

ಮೂರು ರೂಪಗಳು ಹೆಚ್ಚು ಬಳಕೆಯಲ್ಲಿವೆ. ಜಿಪಿಎಸ್ ಸಾಧನಗಳು, ಚಾರಣದ ಆ್ಯಪ್‌ಗಳು ಜಿಪಿಎಕ್ಸ್ ಓದುತ್ತವೆ. ಗೂಗಲ್ ಅರ್ಥ್‌ನ ಭಾಷೆ ಕೆಎಂಎಲ್. ಅಂತರ್ಜಾಲದ ನಕ್ಷೆಗಳಿಗೆ ಜಿಯೋಜೆಸನ್ ಹೊಂದುತ್ತದೆ. ಒಂದು ರೂಪದಿಂದ ಇನ್ನೊಂದಕ್ಕೆ ಕೈಯಾರೆ ನಕಲಿಸುವಾಗ ಕ್ರಮ ತಪ್ಪುವುದು ತೀರಾ ಸಾಮಾನ್ಯ: ನಾವು ಮಾತಿನಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ಕೆಎಂಎಲ್ ಮತ್ತು ಜಿಯೋಜೆಸನ್ ಎರಡರಲ್ಲೂ ರೇಖಾಂಶ ಮೊದಲು ಬರುತ್ತದೆ. ಪ್ರವಾಸವೆಲ್ಲ ಯಾವುದೋ ಬೇರೆ ಖಂಡದಲ್ಲೋ ಸಾಗರದಲ್ಲೋ ಕಂಡರೆ ಮೊದಲು ಈ ಕ್ರಮವನ್ನೇ ಪರೀಕ್ಷಿಸಿ.

ಜಿಪಿಎಕ್ಸ್ ಸಾಕು ಎನ್ನುವವರಿಗೆ ಎಕ್ಸಿಫ್‌ಟೂಲ್ ಜೊತೆಗೇ ಬರುವ ಮಾದರಿ ಕಡತವೊಂದಿದೆ. ಅದನ್ನು ಬಳಸಿ, ಫೋಟೊಗಳನ್ನು ಜಿಪಿಎಸ್ ಸಮಯದ ಪ್ರಕಾರ ಓದುವಂತೆ ‘ಫೈಲ್ ಆರ್ಡರ್’ ಆಯ್ಕೆ ಕೊಟ್ಟರೆ ಫೋಲ್ಡರ್ ನೇರವಾಗಿ ಟ್ರ್ಯಾಕ್ ಆಗುತ್ತದೆ. ಕೆಎಂಎಲ್‌ಗೂ ಅಂಥ ಮಾದರಿ ಇದೆ. ಏನನ್ನೂ ಸ್ಥಾಪಿಸಲು ಮನಸ್ಸಿಲ್ಲದವರು ಸಿದ್ಧವಾದ ಸಿಎಸ್‌ವಿ ಪಟ್ಟಿಯನ್ನು ಗೂಗಲ್ ಮೈ ಮ್ಯಾಪ್ಸ್‌ಗೋ ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಂತ ಯುಮ್ಯಾಪ್‌ಗೋ ಏರಿಸಬಹುದು. ಬಿಂದುಗಳು ಕೂಡಲೇ ಕಾಣುತ್ತವೆ. ಗೆರೆ ಬೇಕಿದ್ದರೆ ಕೈಯಿಂದ ಎಳೆಯಬೇಕು.

ನನ್ನ ಆಯ್ಕೆ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ. ಕಲಿಯಲು ಒಂದು ಸಂಜೆ ಹಿಡಿದರೂ ನಿಯಂತ್ರಣವೆಲ್ಲ ನಮ್ಮ ಕೈಯಲ್ಲಿರುತ್ತದೆ. ಅದರ ಪ್ರಾಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ‘ಇಂಪೋರ್ಟ್ ಜಿಯೋಟ್ಯಾಗ್ಡ್ ಫೋಟೋಸ್’ ಎಂಬ ಸಾಧನಕ್ಕೆ ಫೋಲ್ಡರ್ ತೋರಿಸಿದರೆ ಫೋಟೊಗಳು ಬಿಂದುಗಳ ಪದರವಾಗುತ್ತವೆ; ಸ್ಥಳವಿಲ್ಲದ ಫೋಟೊಗಳ ಪಟ್ಟಿಯನ್ನೂ ಬೇರೆಯಾಗಿ ಪಡೆಯಬಹುದು. ಬಳಿಕ ‘ಪಾಯಿಂಟ್ಸ್ ಟು ಪಾತ್’ ತೆರೆದು, ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬಲ್ಲಿ ಸಮಯದ ಕಾಲಂ, ಯಾವುದರ ಪ್ರಕಾರ ಗುಂಪು ಮಾಡಬೇಕು ಎಂಬಲ್ಲಿ ದಿನಾಂಕ ಕೊಡಿ. ದಿನಕ್ಕೊಂದು ಗೆರೆ ಸಿದ್ಧ. ಆದರೆ ಅದು ಓದುವುದು ಸ್ಥಳೀಯ ಸಮಯವನ್ನು. ವಲಯ ದಾಟಿದ ಪ್ರವಾಸವಾದರೆ ಮೂರನೇ ಹಂತದಲ್ಲಿ ಸರಿಪಡಿಸಿದ ಸಿಎಸ್‌ವಿಯನ್ನೇ ಬಿಂದುಗಳ ಪದರವಾಗಿ ತನ್ನಿ.

ಹಂತ 6: ಗೆರೆಗೆ ನಿಜ ಹೇಳಲು ಕಲಿಸಿ

ಈಗ ನಕ್ಷೆಯಲ್ಲಿ ನೇರ ಗೆರೆಗಳಿವೆ. ಕೆಲವು ಕೆರೆಯನ್ನು ಸೀಳಿಕೊಂಡು ಹೋಗುತ್ತವೆ, ಕೆಲವು ಬೆಟ್ಟವನ್ನು ಕೊರೆಯುತ್ತವೆ. ಎರಡು ಬಿಂದುಗಳ ನಡುವೆ ಕೆಲವೇ ನಿಮಿಷಗಳಿದ್ದರೆ ಗೆರೆ ನಿಜಕ್ಕೆ ಹತ್ತಿರ ಇದ್ದೀತು. ಮೂರು ತಾಸು ಇದ್ದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ.

ರಸ್ತೆಯಲ್ಲಿ ಹೋಗಿದ್ದು ಖಚಿತವಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯಿಂದ ದಾರಿ ಹುಡುಕುವ ಓಎಸ್ಆರ್‌ಎಂ, ಗ್ರಾಫ್‌ಹಾಪರ್, ಬಿರೌಟರ್‌ಗಳ ನೆರವು ಪಡೆಯಿರಿ. ಬಿಂದುಗಳನ್ನು ಕ್ರಮವಾಗಿ ಕೊಟ್ಟರೆ ಅವು ರಸ್ತೆಗೆ ಅಂಟಿಕೊಂಡ ಗೆರೆ ಕೊಡುತ್ತವೆ. ಆದರೆ ಅವು ಹುಡುಕುವುದು ತಮ್ಮ ಲೆಕ್ಕದಲ್ಲಿ ಅತ್ಯುತ್ತಮವಾದ ದಾರಿಯನ್ನು. ನೀವು ಬಳಸು ಹಾದಿ ಹಿಡಿದಿದ್ದರೆ ಅದು ಅವುಗಳಿಗೆ ಗೊತ್ತಿಲ್ಲ. ನೆನಪಿರುವ ಒಂದು ತಿರುವನ್ನೋ ಸೇತುವೆಯನ್ನೋ ನಡುವೆ ಸೇರಿಸಿ ದಾರಿಯನ್ನು ತಿದ್ದಿ.

ಟ್ರ್ಯಾಕ್‌ನಿಂದ ಬಂದ ಭಾಗಕ್ಕೆ ಅಖಂಡ ಗೆರೆ, ರಸ್ತೆಗೆ ಹೊಂದಿಸಿದ ಭಾಗಕ್ಕೆ ತೆಳು ಗೆರೆ, ಬರೀ ಜೋಡಣೆಯಾದ ಭಾಗಕ್ಕೆ ಚುಕ್ಕಿ ಗೆರೆ ಎಂದು ನಿಯಮ ಇಟ್ಟುಕೊಂಡು, ನಕ್ಷೆಯ ಮೂಲೆಯಲ್ಲಿ ಅದನ್ನು ಬರೆದುಬಿಡಿ. ಬಣ್ಣ ಯಾವುದಾದರೂ ಆಗಬಹುದು. ಈ ಭೇದ ಮಾತ್ರ ಇರಲೇಬೇಕು.

ಹಂತ 7: ವಿಮಾನದ ದಾರಿ

ವಿಮಾನಗಳಿಗೆ ಬೇರೆಯದೇ ವಿಧಾನ ಬೇಕು. ಏರ್‌ಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ಸಂಕೇತವನ್ನು ಸ್ವೀಕರಿಸುವುದಷ್ಟೇ, ಹೊರಗೆ ಕಳಿಸುವುದಿಲ್ಲ. ಕಿಟಕಿಯ ಪಕ್ಕ ಕೂತು ಮೊಬೈಲನ್ನು ಗಾಜಿನ ಹತ್ತಿರ ಹಿಡಿದರೆ ಸ್ಥಾನ ಸಿಗುವ ಸಾಧ್ಯತೆ ಚೆನ್ನಾಗಿದೆ; ನಡುವಿನ ಆಸನದಲ್ಲಿ ಕಡಿಮೆ. ಇಂಟರ್ನೆಟ್ ಇಲ್ಲದ ಕಾರಣ ಉಪಗ್ರಹಗಳ ವಿವರವನ್ನು ಮೊಬೈಲ್ ಆಕಾಶದಿಂದಲೇ ಇಳಿಸಿಕೊಳ್ಳಬೇಕು, ಅದಕ್ಕೆ ಸ್ವಲ್ಪ ಸಮಯ ಬೇಕು. ಆದ್ದರಿಂದ ಹತ್ತುವ ಮೊದಲೇ, ಇಂಟರ್ನೆಟ್ ಇರುವಾಗ, ನಕ್ಷೆಯ ಆ್ಯಪ್ ತೆರೆದು ಸ್ಥಾನ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು. ಹಾರಾಟದಲ್ಲಿ ಸಿಬ್ಬಂದಿ ಸಾಧನ ಆಫ್ ಮಾಡಲು ಹೇಳಿದರೆ ಆಫ್ ಮಾಡಿ, ಅದರಲ್ಲಿ ಚರ್ಚೆಯಿಲ್ಲ.

ಹಳೆಯ ಸ್ಥಾನದ ಸಮಸ್ಯೆ ಇಲ್ಲಿ ವಿಪರೀತವಾಗುತ್ತದೆ. ಗಂಟೆಗೆ 900 ಕಿಲೋಮೀಟರ್ ಎಂದರೆ ನಿಮಿಷಕ್ಕೆ 15 ಕಿಲೋಮೀಟರ್. ಮೋಡಗಳ ಫೋಟೊ ಹೊರಟ ನಿಲ್ದಾಣದ ಕಟ್ಟಡದೊಳಗೆ ಕಂಡರೆ ಕಾರಣ ಇದೇ. ಎತ್ತರದ ಅಂಕೆಯನ್ನೂ ಅನುಮಾನದಿಂದ ನೋಡಿ. ವಿಮಾನದೊಳಗಿನ ಒತ್ತಡ ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರದ ಗಾಳಿಗೆ ಸಮನಾಗಿರುವಂತೆ ಕಾಯ್ದುಕೊಳ್ಳಲಾಗುತ್ತದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಮೊಬೈಲ್ ಅಷ್ಟನ್ನೇ ತೋರಿಸಿದರೆ ಅಚ್ಚರಿಯಿಲ್ಲ, ವಿಮಾನ ಹನ್ನೊಂದು ಸಾವಿರ ಮೀಟರ್‌ನಲ್ಲಿದ್ದರೂ.

ನಡುದಾರಿಯ ಫೋಟೊಗಳೇ ಇಲ್ಲದಿದ್ದರೆ ಎರಡು ನಿಲ್ದಾಣಗಳನ್ನು ಜೋಡಿಸಬೇಕು. ನಿಲ್ದಾಣಗಳ ಸ್ಥಾನ, ಮೂರಕ್ಷರದ ಸಂಕೇತ ಎಲ್ಲವೂ ಅವರ್‌ಏರ್‌ಪೋರ್ಟ್ಸ್ ತಾಣದ ಮುಕ್ತ ಪಟ್ಟಿಯಲ್ಲಿ ಸಿಗುತ್ತವೆ. ಚಪ್ಪಟೆ ನಕ್ಷೆಯಲ್ಲಿ ಅಡಿಕೋಲು ಇಟ್ಟಂತೆ ಗೆರೆ ಎಳೆಯಬೇಡಿ. ಗೋಳದ ಮೇಲಿನ ಅತಿ ಹತ್ತಿರದ ದಾರಿ ಮಹಾವೃತ್ತದ ಕಮಾನು. ಲಂಡನ್–ಟೋಕಿಯೊ ನಡುವಿನ ಅಂಥ ಕಮಾನು ಸುಮಾರು 9,600 ಕಿಲೋಮೀಟರ್, ಮತ್ತು ಅದು ಸ್ಕ್ಯಾಂಡಿನೇವಿಯಾ, ಸೈಬೀರಿಯಾಗಳ ಮೇಲೆ ಉತ್ತರಕ್ಕೆ ಬಾಗುತ್ತದೆ. ಗೂಗಲ್ ಅರ್ಥ್‌ನ ಕೆಎಂಎಲ್ ಗೆರೆಯಲ್ಲಿ ‘ಟೆಸಲೇಟ್’ ಗುಣವನ್ನು 1 ಎಂದಿಟ್ಟರೆ ಗೆರೆ ಗೋಳದ ಮೈಯನ್ನೇ ಹಿಡಿದು ಸಾಗುತ್ತದೆ. ಜಾಲತಾಣಗಳಲ್ಲಿ ನಕ್ಷೆ ತೋರಿಸುವ ಲೀಫ್‌ಲೆಟ್ ಬಳಸುವವರಿಗೆ ಇಂಥ ಕಮಾನು ಎಳೆಯುವ ಜಿಯೋಡೆಸಿಕ್ ಗೆರೆಯ ಪ್ಲಗಿನ್ ಇದೆ.

ಪೆಸಿಫಿಕ್ ದಾಟುವ ದಾರಿಯಲ್ಲಿ ಇನ್ನೊಂದು ತೊಡಕು. ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೋಗುವಾಗ ರೇಖಾಂಶ 180ರಿಂದ ಋಣ 180ಕ್ಕೆ ಜಿಗಿಯುತ್ತದೆ. ತಂತ್ರಾಂಶ ಅದನ್ನು ಇಡೀ ಪ್ರಪಂಚಕ್ಕೆ ಅಡ್ಡಲಾಗಿ ಎಳೆದ ಗೆರೆಯಾಗಿ ತೋರಿಸುತ್ತದೆ. ಜಿಯೋಜೆಸನ್ ಮಾನದಂಡವೇ ಅಲ್ಲಿ ಗೆರೆಯನ್ನು ಎರಡು ತುಂಡು ಮಾಡಲು ಹೇಳುತ್ತದೆ. ಕ್ಯೂಜಿಐಎಸ್‌ನಲ್ಲಿ ಅದಕ್ಕೆಂದೇ ಸಾಧನವಿದೆ.

ಮಹಾವೃತ್ತವೂ ಊಹೆಯೇ. ಗಾಳಿ, ಹವಾಮಾನ, ವಾಯುಪ್ರದೇಶದ ನಿರ್ಬಂಧಗಳು ವಿಮಾನವನ್ನು ದೂರ ಸರಿಸುತ್ತವೆ. 2022ರಿಂದ ಯುರೋಪ್ ಮತ್ತು ಜಪಾನಿನ ಅನೇಕ ಸಂಸ್ಥೆಗಳು ರಷ್ಯಾದ ಮೇಲೆ ಹಾರುತ್ತಿಲ್ಲ. ಹಾಗಾಗಿ ಲಂಡನ್–ಟೋಕಿಯೊ ಪ್ರಯಾಣಿಕರು ಸಾಗಿದ ದಾರಿ ಆ ಸುಂದರ ಕಮಾನಿಗಿಂತ ಬಹಳ ಭಿನ್ನ. ನಿಜವಾದ ದಾರಿ ಬೇಕಿದ್ದರೆ ವಿಮಾನಗಳು ತಾವೇ ಬಿತ್ತರಿಸುವ ಎಡಿಎಸ್-ಬಿ ಸಂಕೇತಗಳ ದಾಖಲೆ ನೋಡಬೇಕು. ಫ್ಲೈಟ್‌ಅವೇರ್, ಫ್ಲೈಟ್‌ರೇಡಾರ್24ನಂಥ ತಾಣಗಳಲ್ಲಿ ಹಾರಾಟದ ಸಂಖ್ಯೆ ಮತ್ತು ದಿನಾಂಕ ಕೊಟ್ಟು ಕೆಎಂಎಲ್ ಕಡತ ಪಡೆಯಬಹುದು. ಹಳೆಯ ದಾಖಲೆಗಳಿಗೆ ಚಂದಾ ಬೇಕಾಗುತ್ತದೆ, ಆದ್ದರಿಂದ ಇಳಿದ ಒಂದೆರಡು ದಿನಗಳಲ್ಲೇ ಈ ಕೆಲಸ ಮುಗಿಸಿ. ನೆಲದ ಸ್ವೀಕಾರ ಕೇಂದ್ರಗಳಿಲ್ಲದ ಸಾಗರದ ಮೇಲೆ ದಾಖಲೆಯಲ್ಲಿ ಖಾಲಿ ಜಾಗ ಇರಬಹುದು. ಅಲ್ಲಿಗೆ ಚುಕ್ಕಿ ಗೆರೆ. ಆ ಕಡತದ ಸಮಯವೂ ಯುಟಿಸಿಯಲ್ಲಿದ್ದರೆ ಅದನ್ನೇ ಆಧರಿಸಿ ಕಿಟಕಿಯ ಫೋಟೊಗಳಿಗೆ ಸರಿಯಾದ ಸ್ಥಾನ ಕೊಡಬಹುದು, ಜಿಪಿಎಸ್ ಇಲ್ಲದ ಕ್ಯಾಮೆರಾಕ್ಕೆ ಮಾಡಿದ ಹಾಗೆಯೇ.

ಡ್ರೋನ್ ಫೋಟೊಗಳು ಇದಕ್ಕಿಂತ ಸುಲಭ. ಡಿಜೆಐ ಸಂಸ್ಥೆಯ ಡ್ರೋನ್‌ಗಳು ಸ್ಥಾನದ ಜೊತೆಗೆ ಹೊರಟ ನೆಲದಿಂದ ಇರುವ ಎತ್ತರ, ಕ್ಯಾಮೆರಾ ತಿರುಗಿದ್ದ ಕೋನಗಳನ್ನೂ ಚಿತ್ರದಲ್ಲೇ ಬರೆಯುತ್ತವೆ. ಗೂಗಲ್ ಅರ್ಥ್‌ನಲ್ಲಿ ಎತ್ತರದೊಡನೆ ತೋರಿಸಲು ಆ ನೆಲದಿಂದಿರುವ ಅಂಕೆಯನ್ನೇ ಬಳಸಿ.

ಹಂತ 8: ಹಂಚುವ ಮೊದಲು

2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ ತಂತ್ರಾಂಶ ಉದ್ಯಮಿ ಜಾನ್ ಮ್ಯಾಕಫೀ ಗ್ವಾಟೆಮಾಲಾದಲ್ಲಿದ್ದಾರೆಂದು ಜಗತ್ತಿಗೆ ತಿಳಿದದ್ದು ಪತ್ರಿಕೆಯೊಂದು ಪ್ರಕಟಿಸಿದ ಫೋಟೊದೊಳಗಿನ ಸ್ಥಾನದಿಂದ. ನಮ್ಮ ನಕ್ಷೆಗಳು ಹೊರಹಾಕಬಹುದಾದದ್ದು ಮನೆಯ ವಿಳಾಸ, ಆತಿಥ್ಯ ಕೊಟ್ಟವರ ಮನೆ, ಮಕ್ಕಳ ಶಾಲೆ. ದಾರಿಯ ಮೊದಲ ಮತ್ತು ಕೊನೆಯ ಕಿಲೋಮೀಟರನ್ನು ಕತ್ತರಿಸಿ. ಗೆರೆ ಸರಿಪಡಿಸಿ ಫೋಟೊಗಳನ್ನು ಹಾಗೇ ಲಗತ್ತಿಸಿದರೆ ಪ್ರಯೋಜನವಿಲ್ಲ, ಅವುಗಳೊಳಗಿನ ಸ್ಥಾನವನ್ನೂ ಎಕ್ಸಿಫ್‌ಟೂಲ್‌ನಿಂದ ಅಳಿಸಿ. ಅಪರೂಪದ ಹಕ್ಕಿಗಳ ಗೂಡು, ಬೇಟೆಗಾರರ ಕಣ್ಣಿರುವ ಪ್ರಾಣಿಗಳ ಫೋಟೊ ಇದ್ದರೆ ಆ ಬಿಂದುವನ್ನು ನಕ್ಷೆಯಿಂದ ಪೂರ್ತಿ ತೆಗೆಯಿರಿ. ಒಂದೆರಡು ದಶಮಾಂಶ ಕಡಿತಗೊಳಿಸುವುದು ಅಲ್ಲಿ ಸಾಲದು.

ಪ್ರವಾಸ ಇನ್ನೂ ನಡೆಯುತ್ತಿರುವಾಗ ದಾರಿಯನ್ನು ಬಹಿರಂಗಪಡಿಸಬೇಡಿ. ಹಿನ್ನೆಲೆ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದ್ದಾದರೆ ಅದರ ಕೊಡುಗೆದಾರರಿಗೆ ಸಲ್ಲಬೇಕಾದ ಉಲ್ಲೇಖ ನಕ್ಷೆಯ ಮೇಲೆಯೇ ಇರಬೇಕು, ಪರವಾನಗಿಯ ಷರತ್ತು ಅದು. ತಿದ್ದಿದ ಸಿಎಸ್‌ವಿ, ಜಿಪಿಎಕ್ಸ್ ಮತ್ತು ನಕ್ಷೆಯ ಕಡತ ಮೂರನ್ನೂ ಮೂಲ ಫೋಟೊಗಳ ಜೊತೆಗೇ ಒಂದೇ ಫೋಲ್ಡರ್‌ನಲ್ಲಿ ಇಡಿ, ಯಾವ ಸಮಯಕ್ಕೆ ಎಷ್ಟು ಕೂಡಿಸಿದಿರಿ ಅಥವಾ ಕಳೆದಿರಿ ಎಂಬ ಟಿಪ್ಪಣಿಯೊಡನೆ.